ಪಾಪದವರ ಊಟ

“ಅಮ್ಮ, ಗಂಜಿ ಪಾಪದವರ ಊಟ ಅಲ್ವಾ? ನನಗೆ ಬೇಡ.”

ನಾಲ್ಕು ವರ್ಷದ ಮಗಳು ಹೀಗೆ ಹೇಳಿ ಬಟ್ಟಲು ದೂಡಿದ್ದು ಮೊನ್ನೆ ರಾತ್ರಿ. ಪಾಪದವರು ಅಂದರೆ ನಮ್ಮ ಕಡೆ ಬಡವರು. ಮಾತು ಅವಳದ್ದಲ್ಲ. ಭಾನುವಾರ ಮಂಗಳೂರಿನಿಂದ ಬಂದಿದ್ದ ಗಂಡನ ಚಿಕ್ಕಮ್ಮನದ್ದು. ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದರು. “ಎಂತ ಮಾರಾಯ್ತಿ, ಮಕ್ಕಳಿಗೆ ಬರೀ ಗಂಜಿಯಾ? ಇದು ಪಾಪದವರ ಊಟ ಅಲ್ವಾ?” ಎಂದರು. ಆಮೇಲೆ ಬ್ಯಾಗಿನಿಂದ ಚಾಕಲೇಟ್ ಬಣ್ಣದ ಪುಡಿಯ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟರು. ಮಗಳು ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು ಅಂತ ನನಗೆ ಹೊಳೆಯಲೇ ಇಲ್ಲ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಗಂಡನದ್ದು ಆಟೋ. ಮಳೆಗಾಲದ ಆಟಿ ತಿಂಗಳಲ್ಲಿ ಬಾಡಿಗೆ ಎಷ್ಟು ಸಿಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಜುಲೈ 31ರ ತನಕ ಟ್ರಾಲಿಂಗ್, ಅಂದರೆ ಯಂತ್ರದ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು ನಿಷೇಧ, ಹಾಗಾಗಿ ಬೂತಾಯಿ ಮೀನಿಗೂ ಬಂಗಾರದ ಬೆಲೆ. ಮೀನಿನವನ ಹಾರ್ನ್ ಕೇಳಿದರೂ ನಾನು ಗೇಟಿಗೆ ಹೋಗುವುದಿಲ್ಲ. ಈ ಸಮಯದಲ್ಲಿ ಮನೆ ನಡೆಸುವುದು ಹೆಸರುಕಾಳು, ಮೊಟ್ಟೆ, ಹಲಸಿನ ಬೀಜ, ಗುಡ್ಡೆಯಲ್ಲಿ ತಾನಾಗಿ ಬರುವ ತಗಟೆ ಸೊಪ್ಪು.

ಆದರೆ “ಬರೀ ಗಂಜಿ” ಎಲ್ಲಿತ್ತು? ಕುಚ್ಚಲಕ್ಕಿ ಸ್ವಲ್ಪ ನೆನೆಸಿ, ಹಿಡಿ ತುಂಬ ಹೆಸರುಕಾಳು ಸೇರಿಸಿ ಕುಕ್ಕರಿನಲ್ಲಿ ಬೇಯಿಸಿದ್ದೆ. ಜೀರಿಗೆ ಜೊತೆ ರುಬ್ಬಿದ ತೆಂಗಿನಕಾಯಿ, ಮೇಲಿಂದ ಒಂದು ಚಮಚ ತುಪ್ಪ. ಜೊತೆಗೆ ಹಲಸಿನ ಬೀಜ ಹಾಕಿದ ತಗಟೆ ಸೊಪ್ಪಿನ ಪಲ್ಯ, ಅದಕ್ಕೆ ನಿಂಬೆ ಹುಳಿ. ನಿಂಬೆ ರುಚಿಗೆ ಮಾತ್ರ ಅಲ್ಲ, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲಿಕ್ಕೆ ಅದರಲ್ಲಿರುವ ವಿಟಮಿನ್ ಸಿ ಸಹಾಯ ಮಾಡುತ್ತದೆ. ಅಕ್ಕಿಯಲ್ಲಿ ಕಡಿಮೆ ಇರುವ ಪ್ರೋಟೀನ್ ಅಂಶ ಹೆಸರಿನಲ್ಲಿದೆ, ಹೆಸರಿನಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿದೆ. ಎರಡನ್ನೂ ಒಟ್ಟಿಗೆ ತಿಂದರೆ ಅರ್ಧ ಚಿಂತೆ ಮುಗಿಯಿತು. ಗಂಜಿ ತೆಳ್ಳಗೆ ಮಾತ್ರ ಇರಬಾರದು. ಸಣ್ಣ ಮಕ್ಕಳ ಹೊಟ್ಟೆ ಸಣ್ಣದು. ತಿಳಿ ಕುಡಿದು ಹೊಟ್ಟೆ ತುಂಬಿದರೆ ಶಕ್ತಿಗೆ ಬೇಕಾದ್ದು ಒಳಗೆ ಹೋಗುವುದೇ ಇಲ್ಲ. ಹಾಗಾಗಿ ನಾನು ಮಾಡುವುದು ಚಮಚದಲ್ಲಿ ನಿಲ್ಲುವಷ್ಟು ದಪ್ಪ. ಹೆಸರುಕಾಳಿನ ಖರ್ಚು ಹತ್ತು ರೂಪಾಯಿ ದಾಟುವುದಿಲ್ಲ.

ಆ ಡಬ್ಬಿಯ ಹಿಂದೆ ಬರೆದದ್ದನ್ನು ಓದಿದೆ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅಂತ ನಿಯಮ. ಸಕ್ಕರೆ ಸಾಕಷ್ಟು ಮುಂದೆಯೇ ಕೂತಿತ್ತು. ಮಗನಿಗೆ ಎರಡು ವರ್ಷ, ಅವನಿಗೆ ಅಂಗನವಾಡಿಯಿಂದ ಅಮೃತಂ ಪುಡಿ ಬರುತ್ತದೆ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ. ಇದರಲ್ಲೂ ಸಕ್ಕರೆ ಇದೆ, ಇಲ್ಲ ಅನ್ನುವುದಿಲ್ಲ. ಹಾಗಾಗಿ ನಾನು ಅದನ್ನು ದೋಸೆ ಹಿಟ್ಟಿಗೆ ಕಲಸುತ್ತೇನೆ, ಬೇರೆ ಬೆಲ್ಲ ಹಾಕುವುದಿಲ್ಲ. ಇಡೀ ಕೇರಳದ ಮಕ್ಕಳು ತಿನ್ನುವ ಈ ಪುಡಿಯ ಹದ ಹುಟ್ಟಿದ್ದು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ, ಮಾಡಿ ಪ್ಯಾಕೆಟ್ ತುಂಬುವುದು ಕುಡುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು. ಚಿಕ್ಕಮ್ಮ ಪ್ಯಾಕೆಟ್ ನೋಡಿ “ಸರಕಾರದ್ದಾ?” ಅಂದು ಮೂಗು ಮುರಿದರು. ಅವರಿಗೆ ಪುಕ್ಕಟೆ ಬಂದದ್ದು ಒಳ್ಳೆಯದಾಗಿರಲಿಕ್ಕೆ ಸಾಧ್ಯವೇ ಇಲ್ಲ.

ಅವರ ಜೊತೆ ಬಂದಿದ್ದ ಮೊಮ್ಮಗ ಇಡೀ ದಿನ ಬಿಸ್ಕೆಟ್ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹೇಳಬಾರದು, ಆದರೆ ಹೇಳಿದೆ.

ಆ ರಾತ್ರಿ ಮಗಳಿಗೆ ಎಂತ ಉತ್ತರ ಕೊಡುವುದು ಅಂತ ಗೊತ್ತಾಗಲಿಲ್ಲ. ಸೊಪ್ಪು ಬೇಡ ಅಂದರೆ ಉಪಾಯ ಇದೆ. ಮತ್ತೆ ಮತ್ತೆ, ಒತ್ತಾಯ ಮಾಡದೆ, ಸ್ವಲ್ಪ ಸ್ವಲ್ಪ ಬಡಿಸುತ್ತಾ ಹೋದರೆ ಒಂದಲ್ಲ ಒಂದು ದಿನ ಮಕ್ಕಳು ಬಾಯಿಗೆ ಹಾಕುತ್ತಾರೆ. ತಗಟೆ ಪಲ್ಯದಲ್ಲಿ ಅವಳು ಮೊದಲು ಹಲಸಿನ ಬೀಜ ಮಾತ್ರ ಹೆಕ್ಕಿ ತಿನ್ನುತ್ತಿದ್ದಳು. ಈಗ ಬೀಜಕ್ಕೆ ಅಂಟಿದ ಸೊಪ್ಪೂ ಹೋಗುತ್ತದೆ. ಆದರೆ “ಪಾಪದವರ ಊಟ ಅಲ್ವಾ?” ಅಂದರೆ? ಅದು ನಾಲಿಗೆಯ ತಕರಾರು ಅಲ್ಲ. ತುಪ್ಪ ಹಾಕಿದರೆ ಸರಿ ಹೋಗುವುದಿಲ್ಲ.

ನಾನು ಕನ್ನಡ ಶಾಲೆಯಲ್ಲಿ ಓದುವಾಗ ಮಧ್ಯಾಹ್ನಕ್ಕೆ ಗಂಜಿ ಮತ್ತು ಹೆಸರು. ಆಗ ಕೇರಳದ ಶಾಲೆಗಳಲ್ಲಿ ಅದೇ ಊಟ. ತೋಟದವರ ಮಕ್ಕಳು, ಆ ತೋಟಕ್ಕೆ ಕೆಲಸಕ್ಕೆ ಬರುವವರ ಮಕ್ಕಳು ಒಂದೇ ಜಗಲಿಯಲ್ಲಿ ಸಾಲಾಗಿ ಕೂತು ಉಂಡಿದ್ದೇವೆ. ಎಲ್ಲರ ಬಟ್ಟಲಲ್ಲೂ ಅದೇ ಇರುವಾಗ ಯಾರೂ ಅದಕ್ಕೆ ಹೆಸರಿಡಲಿಲ್ಲ. ಈಗಿನ ಅಂಗನವಾಡಿಯ ಕಥೆ ಬೇರೆ. 2025ರಲ್ಲಿ ಆಲಪ್ಪುಳ ಕಡೆಯ ಒಂದು ಮಗು ಉಪ್ಪಿಟ್ಟು ಬೇಡ, ಬಿರಿಯಾನಿ ಬೇಕು ಅಂದ ವಿಡಿಯೋ ಎಲ್ಲರೂ ನೋಡಿದ್ದೀರಿ. ಸಚಿವರು ನೋಡಿ, ಅದೇ ವರ್ಷ ಮೆನು ಬದಲಾಯಿತು. ಮೊಟ್ಟೆ ಬಿರಿಯಾನಿ ಬಂತು, ವಾರಕ್ಕೆ ಎರಡು ದಿನ ಇದ್ದ ಹಾಲು ಮೊಟ್ಟೆ ಮೂರು ದಿನ ಆಯಿತು. ನನಗೆ ಖುಷಿಯೇ. ಆ ಮಗು ಬಿರಿಯಾನಿ ಕೇಳಿದ್ದು ಬಾಯಿ ರುಚಿಗೆ. ಉಪ್ಪಿಟ್ಟು ಕೀಳು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಿಟ್ಟು ಎರಡು ದಿನ ಇಳಿಯಲಿಲ್ಲ. ಅತ್ತೆಯ ಮೇಲೂ ಸಿಟ್ಟು ಬಂದಿತ್ತು. ತಂಗಿ ಅಷ್ಟು ಹೇಳುವಾಗ ಅವರು ಸುಮ್ನೆ ಬೀಡಿ ಎಲೆ ಕತ್ತರಿಸುತ್ತಾ ಕೂತಿದ್ದರು. ಕೊನೆಗೆ ಕೇಳಿಯೇ ಬಿಟ್ಟೆ, “ನೀವಾದರೂ ಒಂದು ಮಾತು ಹೇಳಬಹುದಿತ್ತಲ್ವಾ ಅತ್ತೆ?”

ಅವರು ಕತ್ತರಿ ಕೆಳಗಿಟ್ಟರು. “ನಾವು ಸಣ್ಣದಿರುವಾಗ ಗಂಜಿಯಲ್ಲಿ ಹೆಸರು ಎಲ್ಲಿತ್ತು? ಅಕ್ಕಿಯೇ ಹುಡುಕಬೇಕು. ಒಂದು ಗಾಂಧಾರಿ ಮೆಣಸು, ಉಪ್ಪು. ಆಟಿಯಲ್ಲಿ ಅದೂ ಒಂದು ಹೊತ್ತು. ಅವಳು ಎಲ್ಲರಿಗಿಂತ ಸಣ್ಣವಳು, ಜಾಸ್ತಿ ಅಳುತ್ತಿದ್ದಳು. ಗಂಜಿ ಕಂಡರೆ ಅವಳಿಗೆ ಅದೇ ನೆನಪು.”

ಇದನ್ನು ಕೇಳಿದ ಮೇಲೆ ನನ್ನ ಸಿಟ್ಟಿಗೆ ಕೂರಲಿಕ್ಕೆ ಜಾಗ ಇಲ್ಲದ ಹಾಗೆ ಆಯಿತು. ಪಾತ್ರೆಯ ಮುಚ್ಚಳ ತೆಗೆದಾಗ ಅವರ ಮುಖ ಹೇಗಿತ್ತು ಅಂತ ಎಷ್ಟು ಸಲ ನೆನಪಿಸಿಕೊಂಡೆನೋ. ನಾನು ನೋಡಿದ್ದು ಅಸಹ್ಯ. ಅದು ಹೆದರಿಕೆಯೂ ಆಗಿರಬಹುದು. ನಾನು ಗಂಜಿಯನ್ನು ಮೆಚ್ಚಿಕೊಳ್ಳುವುದು ಸುಲಭ, ನನಗೆ ಅದರ ಜೊತೆ ಯಾವಾಗಲೂ ಪಲ್ಯ ಇತ್ತು. ಹಾಗಂತ ಮಗುವಿನ ಎದುರು ಹಾಗೆ ಹೇಳಿದ್ದು ಸರಿ ಅಂತ ಈಗಲೂ ಅನ್ನಿಸುವುದಿಲ್ಲ. ಹಸಿದು ಬೆಳೆದವರೇ ಬಡವರ ಬಟ್ಟಲಿಗೆ ಬೇಗ ಹೆಸರಿಡುತ್ತಾರೆ, ಇದು ನಮ್ಮ ಊರಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ.

ಮಗಳಿಗೆ ಸದ್ಯಕ್ಕೆ ಅದೇ ಹೆಸರುಕಾಳನ್ನು ಬೆಳ್ತಿಗೆ ಅಕ್ಕಿ ಜೊತೆ ನೆನೆಸಿ, ಶುಂಠಿ ಹಾಕಿ ರುಬ್ಬಿ ದೋಸೆ ಹೊಯ್ಯುತ್ತಿದ್ದೇನೆ. ಕಾವಲಿಯಿಂದ ತೆಗೆಯುವಷ್ಟರಲ್ಲಿ ಮುಗಿಯುತ್ತದೆ. ತಮ್ಮ ಮಾತ್ರ ಗಂಜಿಯ ಬಟ್ಟಲು ಬಿಡುವವನಲ್ಲ, ಅವನಿಗೆ ಇನ್ನೂ ಜಾಸ್ತಿ ಮಾತು ಅರ್ಥ ಆಗುವುದಿಲ್ಲ.

ಇನ್ನೊಂದು ಹೇಳಲೇಬೇಕು. ಚಿಕ್ಕಮ್ಮ ಆ ದಿನ ಕಾಸರಗೋಡು ಪೇಟೆಯ ಆಯುರ್ವೇದ ಅಂಗಡಿಯಿಂದ ಕರ್ಕಿಡಕ ಗಂಜಿಯ, ಅಂದರೆ ಆಟಿಯಲ್ಲಿ ಉಣ್ಣುವ ಔಷಧಿ ಗಂಜಿಯ ಕಿಟ್ ತೆಗೆದುಕೊಂಡು ಹೋಗಿದ್ದರು. ಚಂದದ ಪೆಟ್ಟಿಗೆ. ಒಳಗೆ ಅಕ್ಕಿ, ಮೆಂತೆ, ಎಂತೆಂತದೋ ಬೇರುಗಳ ಪುಡಿ. ನಿನ್ನೆ ಸಂಜೆ ಫೋನ್ ಬಂತು.

“ಮಾರಾಯ್ತಿ, ಆ ಗಂಜಿಗೆ ಕುಕ್ಕರಿನಲ್ಲಿ ಎಷ್ಟು ವಿಸಿಲ್ ಬೇಕು?”

“ನಾಲ್ಕು ಸಾಕು ಚಿಕ್ಕಮ್ಮ. ಕಾಯಿಹಾಲು ಕೊನೆಗೆ ಹಾಕಿ. ಹಾಕಿದ ಮೇಲೆ ಕುದಿಸಬೇಡಿ, ಒಡೆಯುತ್ತದೆ.”

“ಹೆಸರುಕಾಳು ಹಾಕಬಹುದಾ?”

“ಹಾಕಿ,” ಅಂದೆ. “ಒಂದು ಹಿಡಿ ಜಾಸ್ತಿಯೇ ಹಾಕಿ.”