ಹೆಸರು ಬೇಡ, ಪ್ರಶ್ನೆ ಹೇಳಿ

2024ರ ಜುಲೈ 1ಕ್ಕೆ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಾಗ ನಾನು ದಾವಣಗೆರೆ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರೊಬ್ಬರ ಸ್ಟೆನೋ. ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ನುಗಳು ಬೆರಳಿಗೇ ಅಂಟಿಕೊಂಡಿದ್ದವು. ಈಗ 438 ಎಂದರೆ ನಿರೀಕ್ಷಣಾ ಜಾಮೀನಲ್ಲ, ಕೆಳಗಿನ ಕೋರ್ಟಿನ ಆದೇಶವನ್ನು ಮೇಲಿನ ಕೋರ್ಟು ಪರಿಶೀಲಿಸುವ ರಿವಿಷನ್. ನಿರೀಕ್ಷಣಾ ಜಾಮೀನು 482ಕ್ಕೆ ಹೋಯಿತು. ಅದು ಅಲ್ಲಿಯವರೆಗೆ ಹೈಕೋರ್ಟಿನ ಅಂತರ್ಗತ ಅಧಿಕಾರದ ನಂಬರು. ನಂಬರು ಬದಲಾದರೆ ಟೇಬಲ್ ಮೇಲೊಂದು ಪಟ್ಟಿ ಅಂಟಿಸಿಕೊಳ್ಳಬಹುದು. ಕಾನೂನೇ ಬದಲಾದ ಕಡೆ ಪಟ್ಟಿ ಕೆಲಸಕ್ಕೆ ಬರುವುದಿಲ್ಲ.

ಅಂಥದ್ದೊಂದು, ಸಿಆರ್‌ಪಿಸಿಯ ಜಾಗಕ್ಕೆ ಬಂದ ಹೊಸ ಸಂಹಿತೆಯ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 223. ನಾವು ಪಿಸಿಆರ್ ಅನ್ನುವ, ನೇರವಾಗಿ ಕೋರ್ಟಿಗೇ ಕೊಡುವ ಖಾಸಗಿ ದೂರುಗಳಿಗೆ ಸಂಬಂಧಪಟ್ಟದ್ದು. ಹಿಂದೆ ಸಮನ್ಸ್ ಮುಟ್ಟುವವರೆಗೂ ಆರೋಪಿಗೆ ಅಲ್ಲಿ ಮಾತಿರಲಿಲ್ಲ. ಈಗ ಅವನಿಗೆ ಹೇಳಿಕೊಳ್ಳಲು ಅವಕಾಶ ಕೊಡದೆ ಕಾಗ್ನಿಜೆನ್ಸ್ ತೆಗೆದುಕೊಳ್ಳುವಂತಿಲ್ಲ, ಅಂದರೆ ಅಪರಾಧವನ್ನು ಕೋರ್ಟು ವಿಚಾರಣೆಗೆ ಪರಿಗಣಿಸುವಂತಿಲ್ಲ. ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ರಾಜಕಾರಣಿ ಬಸನಗೌಡ ಯತ್ನಾಳ್ ಅವರ ಪ್ರಕರಣದಲ್ಲಿ ಕ್ರಮವನ್ನು ಬಿಡಿಸಿ ಹೇಳಿತು: ಮೊದಲು ದೂರುದಾರನ ಪ್ರಮಾಣ ಹೇಳಿಕೆ, ಆಮೇಲೆ ಆರೋಪಿಗೆ ನೋಟಿಸ್, ಅವನ ಮಾತು ಕೇಳಿದ ಮೇಲೆ ಕಾಗ್ನಿಜೆನ್ಸ್. ಸರಿ, ಚೆಕ್ ಬೌನ್ಸ್ ಕೇಸಿಗೂ ಹೀಗೇನಾ? ಮೆಕ್ಕೆಜೋಳ, ಅಡಿಕೆ, ಬಟ್ಟೆ ವ್ಯಾಪಾರದ ಊರು ನಮ್ಮದು; 138ರ (ಚೆಕ್ ಬೌನ್ಸ್ ಅಪರಾಧದ ಸೆಕ್ಷನ್) ಕೇಸುಗಳಿಗೆ ಯಾವತ್ತೂ ಬರವಿಲ್ಲ. ಪ್ರತಿಯೊಂದಕ್ಕೂ ಇನ್ನೊಂದು ನೋಟಿಸ್ ಎಂದರೆ, ದುಡ್ಡು ಬರಬೇಕಾದ ದಲ್ಲಾಳಿಯೂ ರೈತನೂ ಮತ್ತಷ್ಟು ತಿಂಗಳು ಕೋರ್ಟಿಗೆ ಅಲೆಯಬೇಕು.

ದೀಪಾವಳಿ ಹತ್ತಿರವಿತ್ತು. ನಮ್ಮ ಮೇಡಂ ಸೇವೆಗೆ ಹೊಸಬರು. ಒಂದು ಚೆಕ್ ಕೇಸಿನ ಫೈಲನ್ನು ಆದೇಶಕ್ಕೆಂದು ಇಟ್ಟುಕೊಂಡಿದ್ದರು. ಸಂಜೆ ಬೆಂಚಿನಿಂದ ಇಳಿದವರೇ, “ಬೇರ್ ಆಕ್ಟ್‌ಗಳನ್ನ ತಗೊಂಡು ಬನ್ನಿ, ದೊಡ್ಡ ಸಾಹೇಬರ ಚೇಂಬರಿಗೆ ಹೋಗಿಬರೋಣ” ಎಂದರು. ಪುಸ್ತಕ ಹೊತ್ತುಕೊಂಡು ಹಿಂದೆ ಹೋದೆ.

“ಸರ್, ಒಂದು ಪಿಸಿಆರ್ ಇದೆ, ದೂರುದಾರರು...” ಎಂದು ಮೇಡಂ ಶುರುಮಾಡುತ್ತಿದ್ದಂತೆ ಜಿಲ್ಲಾ ನ್ಯಾಯಾಧೀಶರು ಕೈ ಎತ್ತಿದರು.

“ಹೆಸರು ಬೇಡ ಮೇಡಂ. ಮೊತ್ತಾನೂ ಬೇಡ. ಪ್ರಶ್ನೆ ಮಾತ್ರ ಹೇಳಿ. ನಾಳೆ ನಿಮ್ಮ ಆದೇಶದ ಮೇಲೆ ರಿವಿಷನ್ ಹಾಕಿದ್ರೆ ಅದು ಬರೋದು ನನ್ನ ಮುಂದೇನೇ.”

ಮೇಡಂ ಒಂದು ಕ್ಷಣ ಸುಮ್ಮನಾಗಿ, ಪ್ರಶ್ನೆಯನ್ನು ಮತ್ತೆ ಕಟ್ಟಿದರು. ಈ ಸಲ ಅದರಲ್ಲಿ ಮನುಷ್ಯರಿರಲಿಲ್ಲ, ಎರಡು ಸೆಕ್ಷನ್‌ಗಳಿದ್ದವು. ಸಾಹೇಬರು 223ನ್ನು ಗಟ್ಟಿಯಾಗಿ ಓದಿದರು. ಆಮೇಲೆ ಚೆಕ್ ಕೇಸುಗಳ ಕಾಯ್ದೆಯಾದ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ ತೆಗೆದು 142ರ ಮೊದಲ ಸಾಲಿನ ಮೇಲೆ ಬೆರಳಿಟ್ಟರು. ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಏನೇ ಇದ್ದರೂ ಎಂದೇ ಅದು ಶುರುವಾಗುವುದು. ಯತ್ನಾಳ್ ತೀರ್ಪಿನ ಪ್ರತಿಯೂ ಅವರ ಹತ್ತಿರವಿತ್ತು, ಅಂಚಿನಲ್ಲೆಲ್ಲ ಪೆನ್ಸಿಲ್ ಗೆರೆ. “ಇದು ಮಾನನಷ್ಟದ ಕೇಸು, ಚೆಕ್ಕಿಂದಲ್ಲ. ಅದನ್ನ ಮರೀಬೇಡಿ” ಎಂದರು. ಆಮೇಲೆ ಬರೀ ಪ್ರಶ್ನೆಗಳು. ಚೆಕ್ ಬೌನ್ಸ್ ಆದಮೇಲೆ ದೂರಿಗೆ ಮೊದಲೇ ನೋಟಿಸ್ ಕೊಟ್ಟು, ದುಡ್ಡು ಕಟ್ಟಲು 15 ದಿನ ಬಿಡಬೇಕಲ್ಲ, ಆ ನೋಟಿಸೂ ಈ ನೋಟಿಸೂ ಒಂದೇನಾ? ಈ ಹಂತದಲ್ಲಿ ಕೇಳದಿದ್ದರೆ ಆರೋಪಿ ಕಳೆದುಕೊಳ್ಳೋದೇನು? ವಿಶೇಷ ಕಾಯ್ದೆ ಅಂದ ಮಾತ್ರಕ್ಕೆ ಸಂಹಿತೆಯ ಎಲ್ಲ ರಕ್ಷಣೆಯೂ ಹೋಗುತ್ತಾ? ಮೇಡಂ ಬರೆದುಕೊಳ್ಳುತ್ತಿದ್ದರು. ಕೊನೆಗೂ ಸಾಹೇಬರು ಉತ್ತರ ಹೇಳಲಿಲ್ಲ. “ಉತ್ತರ ನೀವು ಬರೀಬೇಕು” ಎಂದು ತಮ್ಮ ಉದ್ದನೆಯ ನೋಟ್‌ಬುಕ್ ಕೊಟ್ಟರು. ಸೆಕ್ಷನ್‌ವಾರು ತೀರ್ಪುಗಳನ್ನು ಗುರುತು ಹಾಕಿಕೊಂಡಿದ್ದ ಪುಸ್ತಕ. ಹಳೆಯ ನಂಬರಿನ ಪಕ್ಕ ಕೆಂಪಿಂಕಿನಲ್ಲಿ ಹೊಸದು.

ಮರುದಿನ ಮೇಡಂ ಡಿಕ್ಟೇಷನ್ ಕೊಟ್ಟರು. 138ರ ದೂರಿಗೆ ಈ ಹಂತದಲ್ಲಿ ನೋಟಿಸ್ ಬೇಕಿಲ್ಲ ಎಂಬ ನಿಲುವು. ಕಾರಣಗಳೆಲ್ಲ ಅವರವೇ. ಹಿಂದಿನ ಸಂಜೆ ಅವರು ತಡವರಿಸಿದ್ದ ಜಾಗಗಳಿಗೇ ಹೆಚ್ಚು ಪ್ಯಾರಾ ಹೋದವು ಎನ್ನುವುದು ಟೈಪ್ ಮಾಡುತ್ತಿದ್ದ ನನಗೆ ಗೊತ್ತಾಗುತ್ತಿತ್ತು. ಅದೇ ದಿನಗಳಲ್ಲಿ ಕೆಲವು ನ್ಯಾಯಾಲಯಗಳು ಚೆಕ್ ಕೇಸಿಗೂ ನೋಟಿಸ್ ಕಳಿಸುತ್ತಿದ್ದವು, ವಕೀಲರು ಗೊಣಗುತ್ತಿದ್ದರು. 2025ರಲ್ಲಿ ನಮ್ಮ ಹೈಕೋರ್ಟ್ ಬೇಕಿಲ್ಲ ಎಂದಿತು. ಆ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒಪ್ಪಿತು. ತೀರ್ಮಾನ ಬೇರೆಯಾಗಿದ್ದರೂ ಆ ಸಂಜೆಯ ಬಗ್ಗೆ ನನಗಿರುವ ಗೌರವ ಕಡಿಮೆಯಾಗುತ್ತಿರಲಿಲ್ಲ. ಮೇಲ್ಮನವಿ ಕೇಳಬೇಕಾದವರೇ ಕಲಿಸಲೂ ಬೇಕು, ತೀರ್ಪಿಗೆ ಮಾತ್ರ ಕೈ ಹಾಕಬಾರದು. ಇದು ಬಹಳ ಕಷ್ಟದ ಕೆಲಸ.

ಈಗ ಅನುಕೂಲಗಳು ಬೇಕಾದಷ್ಟಿವೆ. ಬೆಂಗಳೂರಿನ ನ್ಯಾಯಾಂಗ ಅಕಾಡೆಮಿಯಲ್ಲಿ ತರಬೇತಿ, ಒಂದೇ ಬ್ಯಾಚಿನವರ ವಾಟ್ಸಾಪ್ ಗುಂಪು, 2023ರಿಂದ ಸುಪ್ರೀಂ ಕೋರ್ಟಿನ ತೀರ್ಪುಗಳೂ ಅದರ ಆನ್‌ಲೈನ್ ಸಂಗ್ರಹ ಇ-ಎಸ್‌ಸಿಆರ್‌ನಲ್ಲಿ ಪುಕ್ಕಟೆ. ಆದರೆ ಈ ತೀರ್ಪು ನಮ್ಮ ಪ್ರಶ್ನೆಗೆ ಎಲ್ಲಿಯವರೆಗೆ ತಾಗುತ್ತದೆ, ಎಲ್ಲಿಂದಾಚೆಗೆ ತಾಗುವುದಿಲ್ಲ ಎಂದು ಪಕ್ಕದಲ್ಲಿ ಕೂತು ತೋರಿಸುವವರು ಬೇಕೇ ಬೇಕು. ಅಂಥವರು ವರ್ಗವಾದರೆ ನೋಟ್‌ಬುಕ್ಕೂ ಅವರ ಜೊತೆ ಹೊರಟುಹೋಗುತ್ತದೆ.

ಪ್ರತಿ ಜಿಲ್ಲಾ ಕೋರ್ಟಿನ ಲೈಬ್ರರಿಯಲ್ಲೂ ಒಂದು ಪ್ರಶ್ನೆ ಪುಸ್ತಕ ಇರಬೇಕು ಎನ್ನುವುದು ನನ್ನ ಆಸೆ. ಪಕ್ಷಗಾರರ ಹೆಸರಿಲ್ಲದೆ ಪ್ರಶ್ನೆ, ನೋಡಿದ ತೀರ್ಪುಗಳು, ತಾರೀಖು, ಇಷ್ಟು ಸಾಕು. ಅದನ್ನು ಸ್ಟೆನೋಗಳಿಗೂ ಓದಲು ಬಿಡಬೇಕು. ಆರ್ಡರ್ ಶೀಟಿನ ಫಾರ್ಮ್ಯಾಟ್ ಪೆನ್‌ಡ್ರೈವ್‌ನಲ್ಲಿ ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಹೋಗುವುದು ನಮ್ಮ ಕೈಯಿಂದಲೇ. ಜುಲೈ 1ಕ್ಕೆ ಮೊದಲೇ ಬಾಕಿಯಿದ್ದ ದೂರುಗಳು ಹೊಸ ಸಂಹಿತೆಯ 531ರ ಪ್ರಕಾರ ಹಳೆಯ ಸಂಹಿತೆಯಲ್ಲೇ ನಡೆಯುತ್ತವೆ. ಅಲ್ಲಿ 223ರ ಬದಲು ಹಳೆಯ ‘ಸೆಕ್ಷನ್ 200’ ಎಂದಿರುವುದು ಸರಿ. ಅದೇ ಫಾರ್ಮ್ಯಾಟ್ ಹೊಸ ದೂರಿಗೂ ಬಂದು ಕೂತರೆ, ಅದು ಏಕೆ ತಪ್ಪೆಂದು ಟೈಪ್ ಮಾಡುವವರಿಗೂ ಗೊತ್ತಿರಬೇಕು.