ಕರ್ನಾಟಕ ಹೋಗಿ ಕನಾರ್ಟಕ ಆದಾಗ

18 ಜೂನ್ 2024, ಮಂಗಳವಾರ

ಇವತ್ತು ವೆಬ್ ಡೆಸ್ಕಿನಲ್ಲಿ ಬೆಳಗಿನ ಪಾಳಿ. ಜಿಲ್ಲಾ ಪುಟಗಳೆಲ್ಲ ರಾತ್ರಿಯೇ ಪ್ರಿಂಟಿಗೆ ಹೋಗಿದ್ದವು. ಅದೇ ಸುದ್ದಿಗಳನ್ನು ವೆಬ್‌ಸೈಟಿಗೆ ಹಾಕಬೇಕು. ಸುಮ್ನೆ ಕಾಪಿ ಪೇಸ್ಟ್ ತಾನೇ ಅಂತ ಪತ್ರಿಕೆಯೊಳಗಿನವರೇ ಕೇಳುತ್ತಾರೆ.

ಪುಟ ಕಟ್ಟುವುದು ಇನ್ನೂ ಹಳೆಯ ಫಾಂಟಿನಲ್ಲೇ. ಅದರಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರವೇ ಕೂರುತ್ತದೆ. ವೆಬ್‌ಗೆ ಬೇಕಾದದ್ದು ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ. ಅದರಲ್ಲಿ ಮೊದಲು ‘ರ್’ ಬರಬೇಕು. ಹಳೆಯ ಫಾಂಟನ್ನು ಯುನಿಕೋಡಿಗೆ ಬದಲಾಯಿಸುವ ಕನ್ವರ್ಟರ್ ಅದನ್ನು ಅಕ್ಷರದ ಮೊದಲಿಗೆ ತರದಿದ್ದರೆ ‘ಕಾರ್ಯ’ ಹೋಗಿ ‘ಕಾಯರ್’, ‘ಕರ್ನಾಟಕ’ ಹೋಗಿ ‘ಕನಾರ್ಟಕ’. ‘ರಾಜ್‌ಕುಮಾರ್’ ಎಂದು ಬರೆಯಲು ‘ಜ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು. ಅದು ಬಿಟ್ಟುಹೋದರೆ ‘ರಾಜ್ಕುಮಾರ್’. ಓದುಗರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಗೂಗಲ್‌ನಲ್ಲಿ ಸರಿಯಾಗಿ ಬರೆದು ಹುಡುಕಿದವರಿಗೆ ‘ಕನಾರ್ಟಕ’ದ ಸುದ್ದಿ ಸಿಗುವುದು ಹೇಗೆ?

ಹೆಡ್ಡಿಂಗ್ ಇನ್ನೊಂದು ಕಥೆ. ‘ನಾಳೆ ವಿದ್ಯುತ್ ವ್ಯತ್ಯಯ’ ಅಂತ ಪುಟದಲ್ಲಿ ಹಾಕಿದರೆ ಸಾಕು. ಪುಟದ ಮೇಲೆ ಜಿಲ್ಲೆಯ ಹೆಸರಿದೆ, ತಾರೀಖಿದೆ. ಅದೇ ಹೆಡ್ಡಿಂಗ್ ವಾಟ್ಸ್ಆ್ಯಪ್‌ನಲ್ಲಿ ಒಂದೇ ಸಾಲಾಗಿ ಬಂದರೆ ಯಾವ ಊರು, ಯಾವ ನಾಳೆ?

‘ಊರಿನ ಹೆಸರು ಒಳಗಿದೆಯಲ್ಲ ಸರ್’ ಅಂದ ಹೊಸ ಹುಡುಗ.

‘ಹೆಡ್ಡಿಂಗ್ ನೋಡಿದ ಮೇಲೇ ಅಲ್ವಾ ಮಾರಾಯ, ಜನ ಒಳಗೆ ಬರೋದು?’

ಅವನೇ ತಿದ್ದಿದ: ‘ಹೊಸಪೇಟೆ: ಜೂನ್ 19ರಂದು ವಿದ್ಯುತ್ ವ್ಯತ್ಯಯ’. ಚೆನ್ನಾಗಿ ಬಂತು.

ಸಿನಿಮಾ, ಕ್ರಿಕೆಟ್ ಸುದ್ದಿಗೆ ಇಷ್ಟೆಲ್ಲ ತೊಂದರೆ ಇಲ್ಲ. ಅವನ್ನು ವೆಬ್‌ಗೆಂದೇ ಬರೆಯುತ್ತಾರೆ, ಗಂಟೆಗೊಮ್ಮೆ ನೋಡುತ್ತಾರೆ. ಪೆಟ್ಟು ಬೀಳುವುದು ತಾಲ್ಲೂಕಿನ ಸುದ್ದಿಗೆ. ಕೆರೆ ಒಡೆದದ್ದು, ಶಾಲೆ ಮುಚ್ಚಿದ್ದು, ಊರಿನ ಹಿರಿಯರೊಬ್ಬರು ತೀರಿಕೊಂಡದ್ದು. ಇವನ್ನು ಬೇರೆ ಯಾರೂ ಬರೆದಿರುವುದಿಲ್ಲ. ನಾವು ಕೆಡಿಸಿದರೆ ಅಂತರ್ಜಾಲದಲ್ಲಿ ಅದರ ಗುರುತೇ ಉಳಿಯುವುದಿಲ್ಲ.

ಯುನಿಕೋಡ್ ಬಳಕೆಗೆ ಬರುವ ಮುಂಚೆ ಹಾಕಿದ ಸುದ್ದಿಗಳದ್ದು ಇನ್ನೂ ದೊಡ್ಡ ಚಿಂತೆ. ಆಗ ಓದುಗರು ಪತ್ರಿಕೆಯ ಫಾಂಟ್ ಇಳಿಸಿಕೊಂಡು ಓದಬೇಕಿತ್ತು. ಆ ಕಡತಗಳನ್ನು ಈಗ ತೆರೆದರೆ ಬರೀ ವಿಚಿತ್ರ ಚಿಹ್ನೆಗಳು. ಒಂದೊಂದೇ ವರ್ಷದ ಕಡತಗಳನ್ನು ತೆಗೆದುಕೊಂಡು ಯುನಿಕೋಡಿಗೆ ಬದಲಾಯಿಸೋಣ, ಮರಣವಾರ್ತೆ ಮತ್ತು ತಾಲ್ಲೂಕು ಸುದ್ದಿಯಿಂದ ಶುರು ಮಾಡೋಣ ಅಂತ ಸಂಜೆ ಸಂಪಾದಕರಿಗೆ ಬರೆದೆ. ಹುಡುಗನೂ ತನ್ನ ಹೆಸರು ಸೇರಿಸು ಅಂದ. ಸೇರಿಸಿ ಕಳಿಸಿದ್ದೇನೆ.