ಗಟ್ಟಿ ಇರುವ ಕಾಲನ್ನೇ ಮೊದಲು ನೋಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಕಡೆ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಬೆನ್ನುಹುರಿಗೆ ಪೆಟ್ಟಾಗಿ ಮಲಗಿದವರಲ್ಲಿ ನಾನು ಹೆಚ್ಚಾಗಿ ನೋಡುವುದು ಮರದಿಂದ ಬಿದ್ದವರನ್ನು. ಅಡಿಕೆ ಕೊನೆ ಕೊಯ್ಯುವವರು, ಮಳೆಗಾಲದಲ್ಲಿ ಮದ್ದು ಬಿಡಲು ಹತ್ತಿದವರು, ತೆಂಗಿನಕಾಯಿ ಕೀಳುವವರು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇಷ್ಟೇ. ರೋಗಿಯ ಬಲ ಇಲ್ಲದ ಕಾಲನ್ನು ಎಲ್ಲರೂ ನೋಡುತ್ತಾರೆ. ನೀವು ಗಟ್ಟಿ ಇರುವ ಕಾಲನ್ನೂ ಅಷ್ಟೇ ಗಮನವಿಟ್ಟು ನೋಡಿ.

ಯಾಕೆ ಅಂತ ತಿಳಿಯಬೇಕಾದರೆ ಮೈಯ ಸುದ್ದಿ ಮೆದುಳಿಗೆ ಹೇಗೆ ಹೋಗುತ್ತದೆ ಅಂತ ಗೊತ್ತಿರಬೇಕು. ನಾವು ಸುಮ್ನೆ 'ಸ್ಪರ್ಶ' ಅಂತ ಒಂದೇ ಹೆಸರಲ್ಲಿ ಕರೆಯುವುದು ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಬದಿಯಡ್ಕದಿಂದ ಮಂಗಳೂರಿಗೆ ಕುಂಬಳೆ ಮೇಲೆ ಹೋಗಬಹುದು, ಪೆರ್ಲ, ವಿಟ್ಲದ ಮೇಲೂ ಹೋಗಬಹುದು. ಕುಂಬಳೆಯಲ್ಲಿ ರಸ್ತೆ ಬಂದ್ ಆದರೂ ವಿಟ್ಲದ ಮೇಲೆ ಹೊರಟವನು ಊರು ಮುಟ್ಟುತ್ತಾನೆ. ಬೆನ್ನುಹುರಿಯಲ್ಲೂ ಹಾಗೆಯೇ ಎರಡು ದಾರಿಗಳಿವೆ.

ಒಂದು ದಾರಿ ಹುರಿಯ ಹಿಂಭಾಗದಲ್ಲಿದೆ. ನವಿರಾದ ಸ್ಪರ್ಶದ ಹೆಚ್ಚಿನ ಪಾಲು, ಕಂಪನ, ಕೀಲು ಯಾವ ಕಡೆ ಬಾಗಿದೆ ಅನ್ನುವ ಅರಿವು, ಇವೆಲ್ಲ ಇದರಲ್ಲಿ ಹೋಗುತ್ತವೆ. ಕಾಲಿನ ಹೆಬ್ಬೆರಳಿನಿಂದ ಹೊರಟ ನರದ ಎಳೆ ಎಲ್ಲೂ ಕೈ ಬದಲಿಸದೆ, ಎಡಗಾಲಿನದ್ದು ಎಡಗಡೆಯಲ್ಲೇ ಇದ್ದುಕೊಂಡು, ಮೆದುಳಿನ ಕಾಂಡದ ಕೆಳತುದಿಯಾದ ಮೆಡುಲ್ಲಾದವರೆಗೆ ಏರುತ್ತದೆ. ಒಂದೇ ಜೀವಕೋಶ, ಉದ್ದ ಒಂದು ಮೀಟರಿಗಿಂತ ಜಾಸ್ತಿ! ನನಗೆ ಇವತ್ತಿಗೂ ಇದು ಬೆರಗು ಹುಟ್ಟಿಸುವ ಸಂಗತಿ. ಮೆಡುಲ್ಲಾದಲ್ಲಿ ಅದು ಸುದ್ದಿಯನ್ನು ಇನ್ನೊಂದು ಕೋಶಕ್ಕೆ ಒಪ್ಪಿಸುತ್ತದೆ. ಆ ಕೋಶದ ಎಳೆ ಅಲ್ಲಿಂದ ಆಚೆ ಬದಿಗೆ ದಾಟಿ, ಮೆದುಳಿನೊಳಗೆ ಇಂಥ ಸುದ್ದಿಗಳು ಬಂದು ಸೇರುವ ಥಲಾಮಸ್‌ಗೆ ಹೋಗುತ್ತದೆ.

ಇನ್ನೊಂದು ದಾರಿ ನೋವಿನದ್ದು, ಬಿಸಿ ಮತ್ತು ತಣ್ಣಗಿನದ್ದು. ಈ ಎಳೆಗಳು ಬೆನ್ನುಹುರಿಯೊಳಗೆ ಬಂದ ತಕ್ಷಣವೇ ಸುದ್ದಿಯನ್ನು ಇನ್ನೊಂದು ಕೋಶಕ್ಕೆ ಒಪ್ಪಿಸುತ್ತವೆ. ಆ ಎರಡನೇ ಕೋಶದ ಎಳೆ ಒಂದೆರಡು ಮಟ್ಟ ಮೇಲೇರುವುದರೊಳಗೆ ಹುರಿಯ ಮಧ್ಯದಿಂದ ಆಚೆ ಬದಿಗೆ ದಾಟಿಬಿಡುತ್ತದೆ. ಆಮೇಲೆ ಹುರಿಯ ಮುಂಭಾಗದ ಪಕ್ಕದಲ್ಲಿ ಮೇಲೆ ಸಾಗುತ್ತದೆ. ಅಂದರೆ ಎಡಗಾಲಿನ ಬಿಸಿಯ ಸುದ್ದಿ ಬೆನ್ನಿನ ಬಹುಪಾಲು ದೂರವನ್ನು ಬಲಗಡೆಯಲ್ಲಿ ಕ್ರಮಿಸುತ್ತದೆ.

ಈಗ ಹುರಿಯ ಬಲ ಅರ್ಧಕ್ಕೆ ಮಾತ್ರ ಪೆಟ್ಟಾಯಿತು ಅಂತಿಟ್ಟುಕೊಳ್ಳಿ. ಕಾಲನ್ನು ಆಡಿಸುವ ಆಜ್ಞೆಯನ್ನು ಮೆದುಳಿನಿಂದ ತರುವ ಎಳೆಗಳು ಮೆಡುಲ್ಲಾದಲ್ಲೇ ಬದಿ ಬದಲಿಸಿ ಬಂದಿರುತ್ತವೆ. ಹಾಗಾಗಿ ಬಲಗಾಲಿನ ಶಕ್ತಿ ಹೋಗುತ್ತದೆ. ಬಲಗಾಲಿನ ಕಂಪನ, ಕೀಲಿನ ಅರಿವು ಕೂಡ ಹೋಗುತ್ತದೆ. ಆದರೆ ನೋವು, ಬಿಸಿ ಹೋಗುವುದು ಎಡಗಾಲಿನಲ್ಲಿ. ಮಾರಿಷಸ್‌ನಲ್ಲಿ 1817ರಲ್ಲಿ ಹುಟ್ಟಿದ ಬ್ರೌನ್ ಸೆಕ್ವಾರ್ಡ್ ಎಂಬ ವೈದ್ಯರು ಹತ್ತೊಂಬತ್ತನೇ ಶತಮಾನದ ನಡುವಿನಲ್ಲೇ ಇದನ್ನು ತೋರಿಸಿಕೊಟ್ಟರು. ಪುಸ್ತಕದಲ್ಲಿ ಇರುವಷ್ಟು ಅಚ್ಚುಕಟ್ಟಾಗಿ ಅರ್ಧಕ್ಕೆ ಸೀಳಿದ ಪೆಟ್ಟು ಅಪರೂಪ. ಒಂದು ಬದಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಆದದ್ದು ಅಷ್ಟೊಂದು ಅಪರೂಪ ಅಲ್ಲ.

ಅಂಥ ಒಬ್ಬರ ಮನೆಗೆ ಹೋಗುತ್ತಿದ್ದೆ. ಅಡಿಕೆ ಮರದಿಂದ ಬಿದ್ದು ಬೆನ್ನಿನ ನಡುಭಾಗಕ್ಕೆ ಪೆಟ್ಟಾಗಿತ್ತು. ಬಲಗಾಲಿಗೆ ಬಲ ಇಲ್ಲ, ಎಡಗಾಲು ಗಟ್ಟಿ. ಆಸ್ಪತ್ರೆಯ ಚೀಟಿಯಲ್ಲಿ ಸ್ಪರ್ಶಜ್ಞಾನ ಇದೆ ಅಂತ ಒಂದೇ ಸಾಲು. ಹೆಂಡತಿ ಬಲಗಾಲನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದರು. ಕೆಳಗೆ ದಿಂಬು, ದಿನಾ ಎಣ್ಣೆ. ಎಡಗಾಲಿನ ಕಡೆ ಯಾರ ಕಣ್ಣೂ ಇರಲಿಲ್ಲ.

ನಾನು ಹತ್ತಿಯಿಂದ ಮುಟ್ಟಿದೆ. ಎರಡೂ ಕಾಲಲ್ಲಿ ಗೊತ್ತಾಯಿತು, ಬಲಗಾಲಲ್ಲಿ ಸ್ವಲ್ಪ ಮಂಕು. ನವಿರಾದ ಸ್ಪರ್ಶಕ್ಕೆ ಎರಡೂ ದಾರಿಗಳಲ್ಲಿ ಸ್ವಲ್ಪ ಸ್ವಲ್ಪ ಪಾಲಿದೆ, ಹಾಗಾಗಿ ಅದು ಪೂರ್ತಿ ಹೋಗುವುದು ಕಡಿಮೆ. ಆಮೇಲೆ ಹೊಸ ಪಿನ್ ತೆಗೆದುಕೊಂಡೆ.

"ಅಣ್ಣ, ಕಣ್ಣು ಮುಚ್ಚಿ. ಚೂಪಾ, ಮೊಂಡಾ ಹೇಳಿ."

ಬಲಗಾಲಲ್ಲಿ ಪ್ರತಿ ಸಲ ಸರಿ ಹೇಳಿದರು. ಎಡಗಾಲಿಗೆ ಬಂದಾಗ, "ಏನೋ ಮುಟ್ಟಿದ್ದು ಗೊತ್ತಾಗ್ತದೆ. ಚುಚ್ಚಿದ ಹಾಗೆ ಇಲ್ಲ" ಅಂದರು. ಪಾದದಿಂದ ಮೇಲೆ ಮೇಲೆ ಬಂದೆ. ಹೊಕ್ಕುಳಿನ ಮಟ್ಟ ದಾಟುತ್ತಿದ್ದಂತೆ "ಹಾಂ, ಈಗ ಚುಚ್ಚಿತು" ಅಂದರು. ಹೊಕ್ಕುಳು, ಎದೆಮಟ್ಟದಲ್ಲಿ ಹುರಿಯಿಂದ ಹೊರಡುವ ನರಗಳಲ್ಲಿ ಹತ್ತನೆಯದರ ಪಾಲಿನ ಜಾಗ. ನೋವಿನ ಎಳೆಗಳು ಸ್ವಲ್ಪ ಏರಿ ದಾಟುವುದರಿಂದ, ಪೆಟ್ಟಿರುವುದು ಅದಕ್ಕಿಂತ ಒಂದೆರಡು ಮಟ್ಟ ಮೇಲೆ, ಹುರಿಯ ಬಲಗಡೆ.

ಎಡ ಹಿಮ್ಮಡಿ ತಿರುಗಿಸಿ ನೋಡಿದರೆ ಸುಟ್ಟ ಗಾಯ, ಅದೂ ಹೊಸತಲ್ಲ. ಸ್ನಾನ ಹೇಗೆ ಮಾಡ್ತೀರಿ ಅಂತ ಕೇಳಿದೆ. ಸ್ಟೂಲಿನ ಮೇಲೆ ಕೂತು, ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಮೊದಲ ಚೆಂಬನ್ನು ಕಾಲಿಗೆ ಹೊಯ್ದು ಬಿಸಿ ಸರಿಯಾಗಿದೆಯಾ ಅಂತ ನೋಡುತ್ತಾರಂತೆ. ಯಾವ ಕಾಲಿಗೆ? ಗಟ್ಟಿ ಇರುವ ಎಡಗಾಲಿಗೆ! ಅದೇ ಅಲ್ವಾ ಸರಿ ಇರುವ ಕಾಲು. ಬಿಸಿ ಗೊತ್ತಾಗುತ್ತಿದ್ದದ್ದು ಬಲಗಾಲಿನಲ್ಲಿ. ಅದು ಕೆಟ್ಟ ಕಾಲು ಅಂತ ಬದಿಗಿಟ್ಟಿದ್ದರು.

ಮನೆಯವರಿಗೆ ಇದನ್ನು ಬಾಯಲ್ಲಿ ಹೇಳಿದರೆ ನಂಬಲಿಲ್ಲ. ಎರಡು ಸ್ಟೀಲ್ ಲೋಟ ತರಿಸಿದೆ. ಒಂದರಲ್ಲಿ ಬಾವಿಯ ತಣ್ಣೀರು, ಇನ್ನೊಂದರಲ್ಲಿ ನನ್ನ ಮೊಣಕೈಗೆ ಉಗುರುಬೆಚ್ಚಗೆ ಅನಿಸಿದ ನೀರು. ಒಂದಾದ ಮೇಲೊಂದು ಕಾಲಿಗೆ ತಾಗಿಸಿದೆ. ಎಡಗಾಲಲ್ಲಿ ಎರಡೂ ಲೋಟ ಒಂದೇ ಥರ ಅಂದರು. ಹೆಂಡತಿ ತಾವೇ ಲೋಟ ತೆಗೆದುಕೊಂಡು ಇನ್ನೊಮ್ಮೆ ಮಾಡಿ ನೋಡಿದರು. ಆಮೇಲೆ ನಾನು ಏನೂ ವಿವರಿಸಬೇಕಾಗಿ ಬರಲಿಲ್ಲ. ನೀರಿನ ಬಿಸಿ ಕೈಯಲ್ಲಿ ನೋಡುವುದು, ಬಿಸಿನೀರಿನ ಚೀಲ ಆ ಕಾಲಿಗೆ ಬೇಡ, ರಾತ್ರಿ ಮಲಗುವ ಮೊದಲು ಎಡ ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡುವುದು, ಇಷ್ಟು ಗಟ್ಟಿ ಮಾಡಿಕೊಂಡರು.

ಚೀಟಿಯಲ್ಲಿ ಒಂದೇ ಸಾಲು ಬರೆಯುವ ಅಭ್ಯಾಸದ ಬಗ್ಗೆ ನನಗೆ ನಿಜವಾಗಿ ಬೇಸರ ಇದೆ. ಹತ್ತಿ, ಪಿನ್, ಬಿಸಿ ಮತ್ತು ತಣ್ಣಗಿನದ್ದು, ಕಂಪನ, ಕೀಲು, ಇವನ್ನು ಬೇರೆ ಬೇರೆ ಬರೆಯಬೇಕು, ಎಡ ಬಲ ಬೇರೆ ಬೇರೆ ಬರೆಯಬೇಕು. ಕಂಪನಕ್ಕೆ 128 ಹರ್ಟ್ಸ್‌ನ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಹಿಂಭಾಗದ ದಾರಿ ಮಾತ್ರ ಕೆಟ್ಟವರನ್ನು ಅದು ಹಿಡಿದುಕೊಡುತ್ತದೆ. ವಿಟಮಿನ್ ಬಿ12 ಕಡಿಮೆಯಾದರೆ ಹೀಗಾಗಬಹುದು. ಮಾಂಸ, ಮೀನು, ಮೊಟ್ಟೆ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಜತೆಗೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ ಬಿ12 ಇನ್ನೂ ಇಳಿಯಬಹುದು. ಅಂಥವರು ಹಗಲಲ್ಲಿ ಚೆನ್ನಾಗಿ ನಡೆಯುತ್ತಾರೆ, ಕಣ್ಣು ಕಾಲನ್ನು ನೋಡಿಕೊಳ್ಳುತ್ತದೆ. ಕಣ್ಣು ಮುಚ್ಚಿ ಮುಖ ತೊಳೆಯುವಾಗ ವಾಲುತ್ತಾರೆ, ಕತ್ತಲಲ್ಲಿ ಅಂಗಳಕ್ಕೆ ಇಳಿದರೆ ಎಡವುತ್ತಾರೆ. ವಯಸ್ಸಾಯಿತು ಅಂತ ಬಿಟ್ಟುಬಿಡಬೇಡಿ, ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಇಂಜೆಕ್ಷನ್ನಿನಿಂದ ಸುಧಾರಿಸುವ ತೊಂದರೆ ಇದು.

ಮೆದುಳಿನ ಕಾಂಡದ ವಿಷಯ ಇನ್ನೂ ವಿಚಿತ್ರ. ಮೆಡುಲ್ಲಾದ ಪಕ್ಕದ ಭಾಗಕ್ಕೆ ರಕ್ತ ಹೋಗುವುದು ನಿಂತರೆ ಮುಖದ ಒಂದು ಬದಿ, ಮೈಯ ಇನ್ನೊಂದು ಬದಿ ನೋವು ಮತ್ತು ಬಿಸಿಯನ್ನು ಕಳೆದುಕೊಳ್ಳುತ್ತದೆ. ಮುಖದ ನೋವಿನ ಎಳೆಗಳು ಅಲ್ಲಿ ಇನ್ನೂ ದಾಟಿರುವುದಿಲ್ಲ, ಮೈಯವು ಕೆಳಗೇ ದಾಟಿ ಬಂದಿರುತ್ತವೆ. ಎರಡೂ ಅಲ್ಲಿ ಅಕ್ಕಪಕ್ಕದಲ್ಲೇ ಹಾದುಹೋಗುತ್ತವೆ. ಇದನ್ನು ವಾಲೆನ್‌ಬರ್ಗ್ ಎಂಬ ವೈದ್ಯರು 1895ರಲ್ಲಿ ವಿವರಿಸಿದರು. ಇಂಥ ರೋಗಿಗಳ ಕೈಕಾಲಿನ ಶಕ್ತಿ ಸಾಮಾನ್ಯವಾಗಿ ಹೋಗುವುದಿಲ್ಲ. ಹಾಗಾಗಿ "ಎಡಗಡೆ ನೀರು ಬಿಸಿ, ಬಲಗಡೆ ಏನೂ ಇಲ್ಲ" ಅಂದರೆ ಮನೆಯವರು ಭ್ರಮೆ ಅನ್ನುತ್ತಾರೆ. ಭ್ರಮೆ ಅಲ್ಲ. ಇವರಿಗೆ ನುಂಗುವ ತೊಂದರೆಯೂ ಹೆಚ್ಚಾಗಿ ಜತೆಗೆ ಬರುತ್ತದೆ. ನುಂಗುವುದನ್ನು ಪರೀಕ್ಷಿಸದೆ ಗಂಜಿ ಕುಡಿಸಬಾರದು.

ಪಿನ್ ಪರೀಕ್ಷೆಗೆ ಇನ್ನೊಂದು ಉಪಯೋಗವಿದೆ. ನೋವಿನ ದಾರಿ ಹಾಗೂ ಕಾಲನ್ನು ಆಡಿಸುವ ದಾರಿ ಹುರಿಯೊಳಗೆ ಹತ್ತಿರ ಹತ್ತಿರ ಇವೆ. ಬಿದ್ದ ಹೊಸದರಲ್ಲಿ ಆಡದ ಕಾಲಿನಲ್ಲಿ ಪಿನ್ ಚುಚ್ಚಿದ್ದು ಚೂಪು ಅಂತ ಗೊತ್ತಾದರೆ, ಆ ಕಾಲಿಗೆ ಮುಂದೆ ಬಲ ಬರುವ ಸಾಧ್ಯತೆ ಹತ್ತಿ ಮಾತ್ರ ಗೊತ್ತಾಗುವವರಿಗಿಂತ ಜಾಸ್ತಿ. ಗುದದ್ವಾರದ ಸುತ್ತಲಿನ ಜಾಗದಲ್ಲಿ ಪರೀಕ್ಷಿಸಲು ರೋಗಿಗೂ ನಾಚಿಕೆ, ಹೊಸಬರಿಗೂ ನಾಚಿಕೆ. ಆದರೆ ಪೆಟ್ಟು ಪೂರ್ಣವೋ ಅಪೂರ್ಣವೋ ಅಂತ ತೀರ್ಮಾನ ಆಗುವುದು ಅಲ್ಲಿ ಸ್ಪರ್ಶವೋ ಹಿಡಿತವೋ ಉಳಿದಿದೆಯಾ ಅನ್ನುವುದರ ಮೇಲೆ. ಬಾಗಿಲು ಹಾಕಿ, ಮನೆಯವರಲ್ಲಿ ಒಬ್ಬರನ್ನು ಹತ್ತಿರ ನಿಲ್ಲಿಸಿಕೊಂಡು, ಯಾಕೆ ಅಂತ ಮೊದಲೇ ಹೇಳಿ ನೋಡಿ. ನೋಡಿದ್ದನ್ನು ತಾರೀಕು ಹಾಕಿ ಬರೆದಿಡಿ. ಮುಂದಿನ ತಿಂಗಳು ಬರುವವರಿಗೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.